ಟೈಪ್ 14 ನ್ಯುಮೊಕಾಕಸ್ ಕಾಂಜುಗೇಟ್: ಒಮ್ಮೆ ಜೆಲ್ ಕಟ್ಟುತ್ತೆ, ಇಲ್ಲಾಂದ್ರೆ ಫ್ರೀ ಸಕ್ಕರೆ ಉಳಿಯುತ್ತೆ

ಮುಳಾಮುಠಾ, ಪುಣೆ

ಪುಣೆ-ಮುಂಬೈ ಕಡೆ ಕಾಂಜುಗೇಟ್ ಲಸಿಕೆಯ (ಬ್ಯಾಕ್ಟೀರಿಯಾದ ಸಕ್ಕರೆಯನ್ನು ಪ್ರೋಟೀನಿಗೆ ಜೋಡಿಸಿ ಮಾಡುವ ಲಸಿಕೆ) ಕೆಲಸ ಬಲ್ಲ ನಮ್ಮವರು ಬಹಳ ಜನ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನ್ಯುಮೊಕಾಕಸ್ ಬ್ಯಾಕ್ಟೀರಿಯಾದ ಟೈಪ್ 14ರ ಪಾಲಿಸ್ಯಾಕರೈಡನ್ನು (ಹೊರಕವಚದ ಸಕ್ಕರೆ ಸರಪಳಿ) ಟೆಟನಸ್ ಟಾಕ್ಸಾಯ್ಡ್‌ಗೆ (ಮುಂದೆ ಬರೀ ಟಿಟಿ ಅನ್ನುತ್ತೇನೆ) ಸಿಡಿಎಪಿಯಿಂದ (ಸಕ್ಕರೆಯ ಹೈಡ್ರಾಕ್ಸಿಲನ್ನು ಸೈನೇಟ್ ಎಸ್ಟರ್ ಮಾಡಿ ಪ್ರೋಟೀನ್ ಹಿಡಿಯುವಂತೆ ಮಾಡುವ ರಾಸಾಯನಿಕ) ಜೋಡಿಸಬೇಕು. ಬ್ಯಾಕ್ಟೀರಿಯಾ ಬೆಳೆಸುತ್ತಿಲ್ಲ, ಶುದ್ಧ ಮಾಡಿದ ಪಾಲಿಸ್ಯಾಕರೈಡ್ ಪುಡಿಯನ್ನೇ ಕೊಂಡದ್ದು. ಈಗಿನ ಪ್ರೊಟೊಕಾಲ್: 10 ಮಿ.ಗ್ರಾಂ ಪಾಲಿಸ್ಯಾಕರೈಡ್ 2 ಮಿ.ಲೀ. ಸಲೈನ್‌ನಲ್ಲಿ ರಾತ್ರಿಯಿಡೀ ಕರಗಿಸಿ, ಅದಕ್ಕೆ ಅಸಿಟೊನೈಟ್ರೈಲ್‌ನಲ್ಲಿ ಕರಗಿಸಿದ ಸಿಡಿಎಪಿ (100 ಮಿ.ಗ್ರಾಂ/ಮಿ.ಲೀ.) 100 ಮೈಕ್ರೊಲೀಟರ್. ಅಂದರೆ ಒಂದು ಮಿ.ಗ್ರಾಂ ಸಕ್ಕರೆಗೆ ಒಂದು ಮಿ.ಗ್ರಾಂ ಸಿಡಿಎಪಿ. ಅರ್ಧ ನಿಮಿಷ ಬಿಟ್ಟು 0.2 ಮೋಲಾರ್ ಟ್ರೈಈಥೈಲಮೀನ್ ಹಾಕಿ ಪಿಎಚ್ 9.5ಕ್ಕೆ ಏರಿಸಿ, ಎರಡೂವರೆ ನಿಮಿಷಕ್ಕೆ 10 ಮಿ.ಗ್ರಾಂ ಟಿಟಿ. ರಾತ್ರಿಯಿಡೀ 4 ಡಿಗ್ರಿಯಲ್ಲಿಟ್ಟು ಬೆಳಿಗ್ಗೆ ಗ್ಲೈಸಿನ್‌ನಿಂದ ನಿಲ್ಲಿಸುವುದು. ಪಾಲಿಸ್ಯಾಕರೈಡನ್ನು ತುಂಡು ಮಾಡಿಲ್ಲ, ಬಂದ ಹಾಗೇ ಬಳಸುತ್ತಿದ್ದೇವೆ.

ಬೆಳಿಗ್ಗೆ ನೋಡಿದರೆ ಟ್ಯೂಬ್ ತಲೆಕೆಳಗು ಮಾಡಿದರೂ ಹರಿಯದಷ್ಟು ಗಟ್ಟಿ ಜೆಲ್. 0.22 ಮೈಕ್ರಾನ್ ಫಿಲ್ಟರ್ ಮಾತೇ ಇಲ್ಲ. ಸಿಡಿಎಪಿಯನ್ನು ಮಿ.ಗ್ರಾಂಗೆ 0.3ಕ್ಕೆ ಇಳಿಸಿದರೆ ಜೆಲ್ ಕಟ್ಟುವುದಿಲ್ಲ, ಆದರೆ ಡಿಆಕ್ಸಿಕೊಲೇಟ್ ಪರೀಕ್ಷೆಯಲ್ಲಿ ಫ್ರೀ (ಟಿಟಿಗೆ ಅಂಟದ) ಪಾಲಿಸ್ಯಾಕರೈಡ್ ಶೇ. 40ರ ಹತ್ತಿರ ತೋರಿಸುತ್ತದೆ. ನಡುವಿನ ಪ್ರಮಾಣಗಳಲ್ಲಿ ಒಂದು ಬ್ಯಾಚ್ ಒಂದು ಥರ, ಇನ್ನೊಂದು ಇನ್ನೊಂದು ಥರ.

ಎರಡು ಪ್ರಶ್ನೆ. ಮೊದಲು ಏನನ್ನು ಬದಲಿಸಬೇಕು? ಮತ್ತು ಶೇ. 40 ಫ್ರೀ ಇರುವ ಕಾಂಜುಗೇಟನ್ನೇ ಇಲಿಗೆ ಕೊಟ್ಟು ನೋಡಿದರೆ ಏನಾದರೂ ತಿಳಿಯುತ್ತದೆಯೇ?

ಗೋಕಾಕ್_ಕರದಂಟು, ಹಡಪಸರ

ಎರಡೂ ತೊಂದರಿ ಒಂದ ಕಡೆಯಿಂದ ಬಂದಾವ್ರಿ. ತುಂಡು ಮಾಡದ ಉದ್ದ ಸರಪಳಿ ಇಟ್ಕೊಂಡು ಸಿಡಿಎಪಿ ಹೆಚ್ಚು ಕಡಿಮಿ ಮಾಡಿದ್ರ ಈ ಕಡೆ ಬೀಳ್ತೀರಿ, ಇಲ್ಲಂದ್ರ ಆ ಕಡೆ.

ಲೆಕ್ಕ ಹಾಕಿ ನೋಡ್ರಿ. ಟೈಪ್ 14ರ ಒಂದು ಘಟಕದಾಗ ಎರಡು ಗ್ಯಾಲಕ್ಟೋಸ್, ಒಂದು ಗ್ಲೂಕೋಸ್, ಒಂದು ಎನ್-ಅಸಿಟೈಲ್ ಗ್ಲೂಕೋಸಮೀನ್. ತೂಕ ಸುಮಾರು 689 ಡಾಲ್ಟನ್. ನಿಮ್ಮ ಪುಡಿ 1000 ಕಿಲೊಡಾಲ್ಟನ್ ಐತಿ ಅಂತ ಇಟ್ಕೊಂಡ್ರ ಒಂದು ಸರಪಳಿಗೆ 1450 ಘಟಕ. ಟಿಟಿ 150 ಕಿಲೊಡಾಲ್ಟನ್. ತೂಕಕ್ಕ ತೂಕ ಸಮ ಹಾಕಿದ್ರ ಒಂದು ಸರಪಳಿಗೆ ಆರೇಳು ಟಿಟಿ ಸಿಗ್ತಾವು. ಒಂದೊಂದು ಟಿಟಿ ಮ್ಯಾಲೆ ಹತ್ತಾರು ಲೈಸಿನ್, ಅದು ಬಾಜೂಕಿನ ಸರಪಳಿನ್ನೂ ಹಿಡಿತೈತಿ, ಆ ಸರಪಳಿ ಮತ್ತೊಂದು ಟಿಟಿನ. ರಾತ್ರಿಪೂರ್ತಿ ಬಿಟ್ರ ಇಡೀ ಟ್ಯೂಬ್ ಒಂದ ಅಣು ಆಗಿ ಕುಂದರ್ತೈತಿ. ಅದ ನಿಮ್ಮ ಜೆಲ್. ಅದರ ಮ್ಯಾಲೆ ಸಿಡಿಎಪಿ ಜಾಸ್ತಿ ಆದ್ರ ಪ್ರೋಟೀನ್ ಇಲ್ಲದನೂ ಸಕ್ಕರೆ-ಸಕ್ಕರೆ ನಡುವೆ ಅಡ್ಡಗೊಂಡಿ ಬೀಳೂ ಸಾಧ್ಯತೆ ಐತಿ.

ಈಗ 0.3ರ ಕಥಿ. ಸಿಡಿಎಪಿ ಅಣುತೂಕ 235. ಒಂದು ಮಿ.ಗ್ರಾಂ ಸಕ್ಕರೆದಾಗ 1.45 ಮೈಕ್ರೊಮೋಲ್ ಘಟಕ, 0.3 ಮಿ.ಗ್ರಾಂ ಸಿಡಿಎಪಿದಾಗ 1.28 ಮೈಕ್ರೊಮೋಲ್. ಒಂದು ಘಟಕಕ್ಕ ಹೆಚ್ಚುಕಡಿಮಿ 0.9 ಅಣು. ಅದರಾಗ ಶೇ. 1 ಅಷ್ಟ ಕೆಲಸ ಮಾಡಿದ್ರೂ ಒಂದು ಸರಪಳಿಗೆ ಹನ್ನೆರಡು ಸೈನೇಟ್ ಎಸ್ಟರ್ ಬೀಳಬೇಕು. ಒಂದೇ ಒಂದು ಗೊಂಡಿ ಕೂತ್ರೂ ಇಡೀ ಸರಪಳಿ ಜೋಡಾದ ಲೆಕ್ಕಕ್ಕ ಬರ್ತೈತಿ. ಹಂಗಾರ ಶೇ. 40 ಸರಪಳಿಗೆ ಏನೂ ಹತ್ತಿಲ್ಲ ಅನ್ನೂದು ಸಿಡಿಎಪಿ ಕಡಿಮಿ ಆಗಿದ್ದಕ್ಕ ಅಲ್ಲ. ಮೂರು ಕಾರಣ ಇರಬಹುದು: ಸಿಡಿಎಪಿ ತೇವ ಹಿಡಿದು ಸತ್ತೈತಿ, ದಪ್ಪ ದ್ರಾವಣದಾಗ ಸರಿ ಬೆರಿಲಾರದ ಒಂದ ಕಡೆ ಅತಿ ಆಗಿ ಇನ್ನೊಂದು ಕಡೆ ಮುಟ್ಟೇ ಇಲ್ಲ, ಇಲ್ಲಾ ಎಸ್ಟರ್ ಆಗಿ ಟಿಟಿ ಬರೂದರಾಗ ನೀರಿಗೆ ಒಡೆದು ಕಾರ್ಬಮೇಟ್ ಆಗೈತಿ. ಅಳತಿ ತಪ್ಪಿದ್ರ ಅದು ನಾಕನೇದ್ದು, ಅದನ್ನ ನಮ್ಮ ಠಾಣೆ_ಖಾಡಿ ಅವರು ಹೇಳ್ಲಿ.

ಮೊದಲು ಸರಪಳಿ ತುಂಡು ಮಾಡ್ರಿ. 2-3 ಮಿ.ಗ್ರಾಂ/ಮಿ.ಲೀ. ದ್ರಾವಣ, ಮಂಜುಗಡ್ಡಿ ನಡುವೆ ಗಾಜಿನ ಬಾಟ್ಲಿ, ಪ್ರೋಬ್ ಸೋನಿಕೇಟರ್. 10 ಸೆಕೆಂಡ್ ಚಾಲೂ, 20 ಸೆಕೆಂಡ್ ಬಂದ್. ಐದೈದು ನಿಮಿಷಕ್ಕ ಸ್ಯಾಂಪಲ್ ತಗದು, ಅಣುಗಳನ್ನ ಗಾತ್ರದ ಮ್ಯಾಲೆ ಬ್ಯಾರೆ ಮಾಡೂ ಸೈಜ್ ಕಾಲಮ್‌ದಾಗ ಓಡಿಸ್ರಿ. ಮೊದಲು ಭರಭರ ಇಳಿತೈತಿ, ಆಮ್ಯಾಲೆ ನಿಧಾನ ಆಗತೈತಿ. 150ರಿಂದ 200 ಕಿಲೊಡಾಲ್ಟನ್ ಬಂದ್ರ ಸಾಕು. ಪ್ರೋಬಿನಿಂದ ಉದುರಿದ ಟೈಟಾನಿಯಂ ಬೂದು ಬಣ್ಣದಾಗ ತಳಕ್ಕ ಕಾಣ್ತೈತಿ, 0.45 ಫಿಲ್ಟರ್ ಹಾಯಿಸಿ ತಗೀರಿ. ಆಸಿಡ್ ಹಾಕಿ ಕಾಯಿಸೂ ರೂಢಿ ಬ್ಯಾಡ. ಟೈಪ್ 14 ಅದನ್ನ ತಡಕೊಂಡೀತು, ಆದ್ರ ನಾಳೆ ಇನ್ನೊಂದು ಟೈಪ್ 19ಎಫ್‌ಗೆ ಅದ ಪ್ರೊಟೊಕಾಲ್ ಹಚ್ಚಿದ್ರ ಫಾಸ್ಫೊಡೈಎಸ್ಟರ್ ಗೊಂಡಿ ಒಡೆದು ಸರಪಳಿ ಚೂರುಚೂರು ಆಗತೈತಿ.

150 ಕಿಲೊಡಾಲ್ಟನ್‌ಗೆ ಇಳಿಸಿದ್ರ ಸರಪಳಿ-ಟಿಟಿ ಒಂದಕ್ಕೊಂದು ಆಗತಾವು, ದ್ರಾವಣ ನೀರಿನಂಗ ಹರಿತೈತಿ, ಸಿಡಿಎಪಿ ಎಲ್ಲಾ ಕಡೆ ಸಮ ಬೆರಿತೈತಿ.

ಆಮ್ಯಾಲೆ ಆ್ಯಕ್ಟಿವೇಶನ್. ರೂಮ್ ಟೆಂಪರೇಚರ್‌ದಾಗ ಎರಡೂವರೆ ನಿಮಿಷದ ಆಟ ಬಿಡ್ರಿ, ಪಿಎಚ್ ಏರಿದ ಕೂಡಲೇ ಸಿಡಿಎಪಿ ಅರ್ಧಕ್ಕರ್ಧ ನೀರಿಗೇ ಹೋಗ್ತೈತಿ. ಮಂಜುಗಡ್ಡಿ ನೀರಾಗ 0 ಡಿಗ್ರಿ, ಡಿಎಂಎಪಿಯನ್ನ (ಸಿಡಿಎಪಿ ಒಡೆದಾಗ ಹೊರಬರೂ ಬೇಸ್) ಬಫರ್ ಮಾಡ್ಕೊಂಡು ಮೊದಲ ಪಿಎಚ್ 9 ಇಟ್ಟುಬಿಡ್ರಿ. ಅದರ ಪಿಕೆಎ 9.7ರ ಹತ್ತಿರ, ಪಿಎಚ್ ಅಲ್ಲೇ ನಿಂದರ್ತೈತಿ. ಟ್ರೈಈಥೈಲಮೀನ್ ಹನಿ ಬಿದ್ದಲ್ಲಿ ಪಿಎಚ್ 11 ದಾಟೂ ಕಾಟ ತಪ್ಪತೈತಿ. ಸ್ಟರ್ರರ್ ಜೋರಾಗಿ ತಿರುಗತಿರಬೇಕು, ಸಿಡಿಎಪಿ ಮಿ.ಗ್ರಾಂಗೆ 0.5, ಹನಿ ಹನಿಯಾಗಿ. ಪಿಎಚ್ ಇಳಿದ್ರ 0.1 ಮೋಲಾರ್ ಎನ್‌ಎಒಎಚ್. 10-15 ನಿಮಿಷಕ್ಕ ಟಿಟಿ. ಟಿಟಿಯನ್ನ 10 ಮಿ.ಗ್ರಾಂ/ಮಿ.ಲೀ.ಗಿಂತ ಕಡಿಮಿ ಇಡಬ್ಯಾಡ್ರಿ, ಎರಡು ಮಿ.ಲೀ. ನೀರು ಹೆಚ್ಚು ಆದ್ರ ಎಸ್ಟರಿಗೆ ಲೈಸಿನ್ ಸಿಗೂಕಿಂತ ನೀರ ಮೊದಲು ಸಿಗ್ತೈತಿ.

ಟಿಟಿ ಯಾವ ಬಫರ್‌ದಾಗ ಬಂದೈತಿ ನೋಡಿರೇನ್ರಿ? ಫಾರ್ಮಾಲ್ಡಿಹೈಡ್ ಹಾಕಿ ನಿರ್ವಿಷ ಮಾಡುವಾಗ ಗ್ಲೈಸಿನ್ ಇಲ್ಲಾ ಲೈಸಿನ್ ಸೇರಿಸೂದು ಉಂಟು, ಶುದ್ಧೀಕರಣದಾಗ ಅಮೋನಿಯಂ ಸಲ್ಫೇಟ್. ಟ್ರಿಸ್ ಇದ್ರಂತೂ ಮುಗೀತು. ಇವೆಲ್ಲಾ ಅಮೀನ್; ನಿಮ್ಮ ಎಸ್ಟರನ್ನ ಟಿಟಿಗಿಂತ ಮೊದಲ ತಿಂದು ಹಾಕ್ತಾವು. 30 ಕಿಲೊಡಾಲ್ಟನ್ ಫಿಲ್ಟರ್‌ದಾಗ ಹೆಪೆಸ್-ಸಲೈನ್ ಹಾಕಿ ಚಲೋತ್ನಾಗಿ ತೊಳೀರಿ.

ಟಿಟಿ ಖರ್ಚು ಮಾಡೂಕಿಂತ ಮೊದಲು ಒಂದು ಪರೀಕ್ಷೆ. 2 ಮಿ.ಗ್ರಾಂ ಸಕ್ಕರೆ ಆ್ಯಕ್ಟಿವೇಟ್ ಮಾಡಿ ಟಿಟಿ ಬದಲಿಗೆ ಅಡಿಪಿಕ್ ಡೈಹೈಡ್ರಜೈಡ್ ಹೆಚ್ಚಿಗೆ ಹಾಕ್ರಿ, ಪೂರಾ ಡಯಾಲಿಸಿಸ್ ಮಾಡಿ, ಹೈಡ್ರಜೈಡ್ ಜೊತೆ ಬಣ್ಣ ಕೊಡೂ ಟಿಎನ್‌ಬಿಎಸ್ ಹಾಕಿ 500 ನ್ಯಾನೊಮೀಟರ್‌ದಾಗ ಓದ್ರಿ. 100 ಘಟಕಕ್ಕ ಎಷ್ಟು ಹೈಡ್ರಜೈಡ್ ಅನ್ನೂ ಸಂಖ್ಯೆ ಸಿಗ್ತೈತಿ. ಸೊನ್ನಿ ಹತ್ತಿರ ಬಂದ್ರ ಸಿಡಿಎಪಿ ಡಬ್ಬಿ ಬದಲಿ ಮಾಡೂದ ಉಳಿದದ್ದು.

ರಾತ್ರಿಯಿಡೀ ಇಡೂದನ್ನ ನಾನು ಒಪ್ಪೂದಿಲ್ಲ. 1, 2, 4 ತಾಸಿಗೆ ಸ್ಯಾಂಪಲ್ ತಗೀರಿ. ಸೈಜ್ ಕಾಲಮ್‌ದಾಗ ಮೊದಲು ಬರೂ ಕಾಂಜುಗೇಟ್ ಪೀಕ್ ಬೆಳೆಯೂದು ನಿಂತ್ರ, ಇಲ್ಲಾ ದ್ರಾವಣ ದಪ್ಪ ಆಗಾಕ ಹತ್ತಿದ್ರ, ಆಗ ಗ್ಲೈಸಿನ್ ಹಾಕಿ ನಿಲ್ಲಸ್ರಿ.

ಠಾಣೆ_ಖಾಡಿ

ಮುಳಾಮುಠಾ ಅವರೇ, ಗೋಕಾಕ್ ಸರ್ ಹೇಳಿದ ಕೆಮಿಸ್ಟ್ರಿಗೆ ಸೇರಿಸುವುದೇನಿಲ್ಲ. ಆದರೆ ನಿಮ್ಮ ಶೇ. 40 ಅನ್ನುವ ಅಂಕಿಯನ್ನೇ ನಾನು ಇನ್ನೂ ನಂಬಿಲ್ಲ.

ಡಿಆಕ್ಸಿಕೊಲೇಟ್ ಪರೀಕ್ಷೆ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಪ್ರೋಟೀನ್ ಇರುವುದೆಲ್ಲ ತಳಕ್ಕೆ ಬರುತ್ತೆ, ಬರೀ ಸಕ್ಕರೆ ಮೇಲೆ ಉಳಿಯುತ್ತೆ. 900 ಮೈಕ್ರೊಲೀಟರ್ ಮಾದರಿ, ಶೇ. 1ರ ಡಿಆಕ್ಸಿಕೊಲೇಟ್ (ಪಿಎಚ್ 6.8) 80 ಮೈಕ್ರೊಲೀಟರ್, ಮಂಜುಗಡ್ಡೆಯಲ್ಲಿ 30 ನಿಮಿಷ, 1 ನಾರ್ಮಲ್ ಎಚ್‌ಸಿಎಲ್ 50 ಮೈಕ್ರೊಲೀಟರ್, ಆಮೇಲೆ ಸೆಂಟ್ರಿಫ್ಯೂಜ್. ಸಕ್ಕರೆ ಹೆಚ್ಚು, ಪ್ರೋಟೀನ್ ಕಡಿಮೆ ಇರುವ ಕಾಂಜುಗೇಟ್ ಈ ನಂಬಿಕೆಗೆ ಬಗ್ಗುವುದಿಲ್ಲ. ದೊಡ್ಡ ಸರಪಳಿಗೆ ಒಂದೇ ಟಿಟಿ ಅಂಟಿದ್ದರೆ ಸಕ್ಕರೆ ಅದನ್ನು ನೀರಿನಲ್ಲೇ ಹಿಡಿದಿಟ್ಟುಕೊಳ್ಳುತ್ತೆ, ನೀವು ಅದನ್ನು ಫ್ರೀ ಅಂತ ಎಣಿಸುತ್ತೀರಿ. ಸಿಡಿಎಪಿ ಇಳಿಸಿದಾಗ ಸಿಗುವುದು ಇಂಥ ಕಾಂಜುಗೇಟೇ. ಹಾಗಾಗಿ ಮೇಲಿನ ದ್ರವದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಒಮ್ಮೆ ಅಳೆಯಿರಿ. ಇದ್ದರೆ ನಿಮ್ಮ ಫ್ರೀ ಸಕ್ಕರೆ ಪೂರ್ತಿ ಫ್ರೀ ಅಲ್ಲ.

ಜೊತೆಗೆ ಮೂರು ಕಂಟ್ರೋಲ್ ಬೇಕೇ ಬೇಕು. ಬರೀ ಪಾಲಿಸ್ಯಾಕರೈಡ್, ಸಿಡಿಎಪಿ ಇಲ್ಲದೆ ಪಾಲಿಸ್ಯಾಕರೈಡ್ ಮತ್ತು ಟಿಟಿ ಸುಮ್ಮನೆ ಬೆರೆಸಿದ್ದು, ಕಾಂಜುಗೇಟ್‌ಗೆ ಗೊತ್ತಿರುವ ಪ್ರಮಾಣದ ಫ್ರೀ ಸಕ್ಕರೆ ಸೇರಿಸಿದ್ದು. ಎರಡನೆಯದರಲ್ಲಿ ಸಕ್ಕರೆಯೆಲ್ಲ ಮೇಲೆ ಸಿಗಬೇಕು. ಕಡಿಮೆ ಬಂದರೆ ಟಿಟಿ ಗಂಟುಗಳು ಸಕ್ಕರೆಯನ್ನು ಕೆಳಕ್ಕೆ ಎಳೆದುಕೊಂಡು ಹೋಗುತ್ತಿವೆ, ಆಗ ತಪ್ಪು ಇನ್ನೊಂದು ದಿಕ್ಕಿಗೆ. ಬ್ಲಾಂಕ್‌ನಲ್ಲೂ ಡಿಆಕ್ಸಿಕೊಲೇಟ್ ಮತ್ತು ಆಸಿಡ್ ಇರಲಿ, ಡಿಆಕ್ಸಿಕೊಲೇಟ್ ಒಂದು ಪಿತ್ತಾಮ್ಲ, ಸಕ್ಕರೆ ಪರೀಕ್ಷೆಯ ಸಲ್ಫ್ಯೂರಿಕ್ ಜೊತೆ ತಾನೇ ಬಣ್ಣ ಕೊಡುತ್ತೆ.

ಸಕ್ಕರೆಯನ್ನು ಯಾವ ಸ್ಟ್ಯಾಂಡರ್ಡ್ ಇಟ್ಟು ಓದುತ್ತಿದ್ದೀರಿ? ಗ್ಲೂಕೋಸ್ ಆದರೆ ಬಿಟ್ಟುಬಿಡಿ. ಟೈಪ್ 14ರ ಘಟಕದ 689ರಲ್ಲಿ ಹೆಕ್ಸೋಸ್ ಭಾಗ 486, ಅಂದರೆ ಶೇ. 70. ಎನ್-ಅಸಿಟೈಲ್ ಗ್ಲೂಕೋಸಮೀನ್ ಸಕ್ಕರೆ ಅಳೆಯುವ ಬಣ್ಣದ ಪರೀಕ್ಷೆಗಳಾದ ಆಂಥ್ರೋನ್‌ಗೂ ಫೀನಾಲ್-ಸಲ್ಫ್ಯೂರಿಕ್‌ಗೂ ಬಹುಪಾಲು ಕಾಣುವುದೇ ಇಲ್ಲ. ಗ್ಯಾಲಕ್ಟೋಸ್ ಆಂಥ್ರೋನ್‌ನಲ್ಲಿ ಗ್ಲೂಕೋಸ್‌ಗಿಂತ ಬಹಳ ಪೇಲವ ಬಣ್ಣ ಕೊಡುತ್ತೆ, ನಿಮ್ಮ ಹೆಕ್ಸೋಸ್‌ನಲ್ಲಿ ಮೂರರಲ್ಲಿ ಎರಡು ಅದೇ. ಟೈಪ್ 14 ಪುಡಿಯನ್ನೇ ಸ್ಟ್ಯಾಂಡರ್ಡ್ ಮಾಡಿಕೊಳ್ಳಿ.

ಆ ಪುಡಿಯ ತೂಕವೂ ಮೋಸ ಮಾಡುತ್ತೆ. ಲಯೊಫಿಲೈಜ್ ಮಾಡಿದ ಪಾಲಿಸ್ಯಾಕರೈಡ್ ಗಾಳಿಯ ತೇವವನ್ನು ಕುಡಿಯುತ್ತಲೇ ಇರುತ್ತೆ. ಜುಲೈ ತಿಂಗಳಲ್ಲಿ ಮುಂಬೈಯಲ್ಲಿ ಬಾಟಲಿ ತೆರೆದು ತಕ್ಕಡಿಯ ಮೇಲಿಟ್ಟರೆ ಅಂಕಿ ಕಣ್ಣೆದುರೇ ಏರುವುದು ಕಾಣುತ್ತೆ. ಶೇ. 10 ನೀರಿದ್ದರೆ ನಿಮ್ಮ 10 ಮಿ.ಗ್ರಾಂ ನಿಜಕ್ಕೂ 9. ಬ್ಯಾಚಿನಿಂದ ಬ್ಯಾಚಿಗೆ ಫಲಿತಾಂಶ ಬದಲಾಗುವುದರಲ್ಲಿ ಇದರ ಪಾಲೂ ಇರಬಹುದು. ಕಾರ್ಲ್ ಫಿಷರ್‌ನಲ್ಲಿ ತೇವ ಅಳೆದು ತೂಕ ತಿದ್ದಿ, ಒಮ್ಮೆಲೇ ದೊಡ್ಡ ಸ್ಟಾಕ್ ಮಾಡಿ, ಸಣ್ಣ ಭಾಗಗಳಾಗಿ ಹಂಚಿ ಮೈನಸ್ 20ರಲ್ಲಿಡಿ.

ಪ್ರೋಟೀನ್ ಬಗ್ಗೆ: ಸಿಡಿಎಪಿ ಒಡೆದಾಗ ಡಿಎಂಎಪಿ ಹೊರಬರುತ್ತೆ, ಬಫರ್‌ನಲ್ಲೂ ಹಾಕಿದರೆ ರಾಶಿ ಇರುತ್ತೆ. ಅದು 280ರಲ್ಲಿ ಬೆಳಕನ್ನು ಹೀರುತ್ತೆ. ಅದನ್ನು ತೊಳೆದು ತೆಗೆಯುವ ತನಕ 280ರ ಓದಿಗೆ ಬೆಲೆ ಇಲ್ಲ. ಟಿಟಿಯನ್ನು ಸ್ಟ್ಯಾಂಡರ್ಡ್ ಆಗಿಟ್ಟು ಲೌರಿ ವಿಧಾನ ಮಾಡಿ.

ಬೇರ್ಪಡಿಸುವಿಕೆ ಎಲ್ಲಕ್ಕಿಂತ ಮುಖ್ಯ. ತುಂಡು ಮಾಡದ ಪಾಲಿಸ್ಯಾಕರೈಡೂ ಕಾಂಜುಗೇಟೂ ಸೈಜ್ ಕಾಲಮ್‌ನಲ್ಲಿ ಒಟ್ಟಿಗೇ ಮುಂದೆ ಬಂದುಬಿಡುತ್ತವೆ, ಫ್ರೀ ಸಕ್ಕರೆ ತೆಗೆಯಲು ದಾರಿಯೇ ಇಲ್ಲ. 150 ಕಿಲೊಡಾಲ್ಟನ್‌ಗೆ ಇಳಿಸಿದ ಮೇಲೆ ಸೆಫಾಕ್ರಿಲ್ ಎಸ್-400ರಲ್ಲಿ ಎರಡೂ ದೂರ ನಿಲ್ಲುತ್ತವೆ. ಮೆಂಬ್ರೇನ್ ಬಳಸುವುದಾದರೆ 300 ಕಿಲೊಡಾಲ್ಟನ್‌ನದು ಆರಿಸಿ. ಮೆಂಬ್ರೇನ್ ಮೇಲೆ ಬರೆದ ಅಂಕಿ ಉಂಡೆಯಂತಿರುವ ಪ್ರೋಟೀನಿಗೆ ಅನ್ವಯಿಸುವಂಥದ್ದು. ಅದೇ ತೂಕದ ಸಕ್ಕರೆ ಸರಪಳಿ ನೀರಿನಲ್ಲಿ ಹರಡಿಕೊಂಡು ಹೆಚ್ಚು ಜಾಗ ಹಿಡಿಯುತ್ತೆ, 100ರ ಮೆಂಬ್ರೇನ್ ಅದನ್ನು ಒಳಗೇ ತಡೆಯುತ್ತೆ. ಅಮೋನಿಯಂ ಸಲ್ಫೇಟ್‌ನಲ್ಲಿ ಕಾಂಜುಗೇಟ್ ಇಳಿಸಿ ಫ್ರೀ ಸಕ್ಕರೆ ಮೇಲೆ ಬಿಡುವುದೂ ಒಂದು ದಾರಿ.

ಹೋಲಿಕೆಗೆ ಒಂದು ಮಾತು: ಯುರೋಪಿಯನ್ ಫಾರ್ಮಕೋಪಿಯಾ (ಔಷಧ ಗುಣಮಟ್ಟದ ಗ್ರಂಥ) ಹಿಬ್‌ನ (ಹಿಮೊಫಿಲಸ್ ಇನ್‌ಫ್ಲುಯೆನ್ಜೆ ಬಿ) ಟಿಟಿ ಕಾಂಜುಗೇಟ್‌ಗೆ ಫ್ರೀ ಸಕ್ಕರೆ ಶೇ. 20 ಮೀರಬಾರದು ಅನ್ನುತ್ತೆ. ನ್ಯುಮೊಕಾಕಸ್‌ನಲ್ಲಿ ಮಿತಿ ಟೈಪ್‌ನಿಂದ ಟೈಪ್‌ಗೆ, ತಯಾರಕರಿಂದ ತಯಾರಕರಿಗೆ ಬೇರೆ.

ಇನ್ನು ಟಿಟಿ. ನನ್ನ ಅಭಿಪ್ರಾಯ ಕೇಳಿದರೆ ಸಿಆರ್‌ಎಂ197ಕ್ಕೆ ಬದಲಾಯಿಸಿ. ಡಿಫ್ತೀರಿಯಾ ವಿಷದ 52ನೇ ಗ್ಲೈಸಿನ್ ಜಾಗದಲ್ಲಿ ಗ್ಲುಟಮೇಟ್ ಬಂದು ನಿರ್ವಿಷವಾದ ಅಣು, ಫಾರ್ಮಾಲ್ಡಿಹೈಡ್ ಮುಟ್ಟಿಸಬೇಕಿಲ್ಲ. 58 ಕಿಲೊಡಾಲ್ಟನ್, 39 ಲೈಸಿನ್, ಎಲ್ಲ ಅಣುವೂ ಒಂದೇ ಥರ. ಟಿಟಿಯ ಎರಡು ಲಾಟ್ ಒಂದೇ ಥರ ಇರುವುದಿಲ್ಲ.

ಗೋಕಾಕ್_ಕರದಂಟು, ಹಡಪಸರ

ಸಿಆರ್‌ಎಂ ಚಲೋ ಅಣು, ಅದರಾಗ ಎರಡು ಮಾತಿಲ್ಲ. ಪುಣೆಯಾಗ ತಯಾರಾಗೂ ಹತ್ತು ಟೈಪಿನ ನ್ಯುಮೊಸಿಲ್ ಲಸಿಕಿಗೂ ಅದ ಕ್ಯಾರಿಯರ್, ಗೊಂಡಿ ಹಾಕೂ ಕೆಮಿಸ್ಟ್ರಿನೂ ಸಿಡಿಎಪಿನ. ಆದ್ರ ಈಗ ಇವರು ಕೆಮಿಸ್ಟ್ರಿ ಹಿಡಿತಕ್ಕ ತರಬೇಕಾಗೈತಿ, ಒಂದೊಂದು ಮಿ.ಗ್ರಾಂ ಸಿಆರ್‌ಎಂ ರೇಟ್ ನೋಡಿದ್ರ ಕೈ ನಡಗತೈತಿ. ಪಿಎಚ್ 6ರ ಹತ್ತಿರ ಹೋದ್ರ ಅದು ಗಂಟು ಕಟ್ತೈತಿ, ಪದೇ ಪದೇ ಫ್ರೀಜ್ ಮಾಡಿ ಕರಗಿಸಿದ್ರೂ ಅಷ್ಟ. ಟಿಟಿ ಲಾಟಿನ ಚಿಂತಿ ಇದ್ರ ಸೈಜ್ ಕಾಲಮ್ ಹಾಯಿಸಿ ಡೈಮರ್, ಗಂಟು ತಗದು ಮೊನೊಮರ್ ಅಷ್ಟ ಇಟ್ಕೊಳ್ರಿ. ಅರ್ಧ ಜೆಲ್ ಅಲ್ಲೇ ಕಡಿಮಿ ಆಗತೈತಿ.

ನೆರೂಳ್_ನಿವಾಸಿ

ಗೋಕಾಕ್ ಸರ್, ನಡುವೆ ಬಂದದ್ದಕ್ಕೆ ಕ್ಷಮಿಸಿ, ಸಂಬಂಧಪಟ್ಟ ಪ್ರಶ್ನೆಯೇ. ನಮ್ಮ ನವಿ ಮುಂಬೈಯಲ್ಲಿ 2018ರಲ್ಲಿ ಮಹಾನಗರಪಾಲಿಕೆ 9 ತಿಂಗಳಿಂದ 14 ವರ್ಷದ ಮಕ್ಕಳಿಗೆ ಟೈಫಾಯ್ಡ್ ಕಾಂಜುಗೇಟ್ ಹಾಕಿಸಿತು; ಅದು ಟೈಫಾಯ್ಡ್ ಬ್ಯಾಕ್ಟೀರಿಯಾದ ಹೊರಕವಚದ ಸಕ್ಕರೆಯಾದ ವಿಐ ಪಾಲಿಸ್ಯಾಕರೈಡನ್ನು ಟಿಟಿಗೆ ಜೋಡಿಸಿದ್ದು, ಡೋಸಿಗೆ 25 ಮೈಕ್ರೊಗ್ರಾಂ. ನೇಪಾಳ, ಬಾಂಗ್ಲಾದೇಶ, ಮಲಾವಿಯ ದೊಡ್ಡ ಪ್ರಯೋಗಗಳಲ್ಲಿ ಆ ಲಸಿಕೆ ಶೇ. 80ರ ಆಸುಪಾಸು ರಕ್ಷಣೆ ಕೊಟ್ಟಿದೆ. ಆ ವಿಐಯನ್ನೂ ಇದೇ ಸಿಡಿಎಪಿ ದಾರಿಯಲ್ಲಿ ಮಾಡಬಹುದೇ? ಒಂದೇ ಪ್ರೊಟೊಕಾಲ್ ಎರಡಕ್ಕೂ ನಡೆದರೆ ಕಲಿಯುವವರಿಗೆ ಅನುಕೂಲ.

ಗೋಕಾಕ್_ಕರದಂಟು, ಹಡಪಸರ

ಕ್ಷಮಾ ಯಾಕ್ರಿ, ಇದು ಎಲ್ಲಾರೂ ಕೇಳಬೇಕಾದ್ದ. ಆಗೂದಿಲ್ಲ, ಯಾಕಂದ್ರ ವಿಐ ಬ್ಯಾರೆ ಜಾತಿ.

ಸಿಡಿಎಪಿಗೆ ಹಿಡಕೊಳ್ಳಾಕ ಹೈಡ್ರಾಕ್ಸಿಲ್ ಬೇಕು. ವಿಐ ಸರಪಳಿದಾಗ ಇರೂದು ಎನ್-ಅಸಿಟೈಲ್ ಗ್ಯಾಲಕ್ಟೋಸಮಿನ್ಯುರೋನಿಕ್ ಆಸಿಡ್ ಒಂದ. ಒಂದನೇ ಮತ್ತು ನಾಕನೇ ಕಾರ್ಬನ್ ಸರಪಳಿ ಗೊಂಡಿಗೆ ಹೋತು, ಎರಡನೇದರ ಮ್ಯಾಲೆ ಎನ್-ಅಸಿಟೈಲ್, ಮೂರನೇದರ ಮ್ಯಾಲೆ ಓ-ಅಸಿಟೈಲ್, ಆರನೇದು ಕಾರ್ಬಾಕ್ಸಿಲ್. ಪೂರಾ ಅಸಿಟೈಲ್ ಇದ್ದ ವಿಐಯಾಗ ಹೈಡ್ರಾಕ್ಸಿಲ್ ಖಾಲಿ ಉಳಿದ್ದ ಇಲ್ಲ. ಮತ್ತ ಪಿಎಚ್ 9 ದಾಟಿದ್ರ ಆ ಓ-ಅಸಿಟೈಲ್ ಕಳಚಿ ಬೀಳ್ತೈತಿ, ಪ್ರತಿಕಾಯ ವಿಐಯನ್ನ ಗುರುತು ಹಿಡಿಯೂದು ಅದರ ಮ್ಯಾಲೇ ನಿಂತೈತಿ. ಡಬ್ಲ್ಯುಎಚ್‌ಒ ಒಂದು ಗ್ರಾಂ ವಿಐಗೆ ಕನಿಷ್ಠ 2 ಮಿಲಿಮೋಲ್ ಓ-ಅಸಿಟೈಲ್ ಇರಬೇಕು ಅಂತೈತಿ. ಹೆಸ್ಟ್ರಿನ್ ವಿಧಾನದಾಗ ಅದನ್ನ ಅಳೀತಾರ.

ಅದಕ್ಕ ವಿಐಗೆ ಕಾರ್ಬಾಕ್ಸಿಲ್ ದಾರಿ. ಟಿಟಿಗೆ ಮೊದಲು ಅಡಿಪಿಕ್ ಡೈಹೈಡ್ರಜೈಡ್ ಹಚ್ಚಿ, ಆಮ್ಯಾಲೆ ಎಂಇಎಸ್ ಬಫರ್ ಪಿಎಚ್ 6ರ ಆಸುಪಾಸು ಇಡಿಸಿ (ಕಾರ್ಬಾಕ್ಸಿಲನ್ನ ಹೈಡ್ರಜೈಡಿಗೆ ಕೂಡಸೂ ರಾಸಾಯನಿಕ) ಹಾಕಿ ವಿಐ ಜೊತೆ ಕೂಡಸೂದು. ಇಡಿಸಿ ಹೆಚ್ಚಾದ್ರ ಇಲ್ಲೂ ಜೆಲ್, ಜೊತೆಗೆ ಎನ್-ಅಸೈಲ್ ಯೂರಿಯಾ ಅನ್ನೂ ಸತ್ತ ಕೊನೆಗಳು ಸಕ್ಕರೆ ಮ್ಯಾಲೆ ಉಳಿತಾವು.

ಮೆನಿಂಗೊಕಾಕಸ್ ಎ ಮತ್ತ ಮೂರನೇ ಜಾತಿ. ಹಡಪಸರದಾಗ ತಯಾರಾದ ಮೆನ್‌ಆಫ್ರಿವ್ಯಾಕ್, 2010ರಾಗ ಬುರ್ಕಿನಾ ಫಾಸೊದಿಂದ ಶುರು ಆತು, ಆಗ ಡೋಸಿಗೆ ಅರ್ಧ ಡಾಲರಿಗಿಂತ ಕಡಿಮಿ ಇತ್ತು. ಅದರ ಸಕ್ಕರೆಗೆ ಪೆರಿಯೊಡೇಟ್ ಹಾಕಿ ಆಲ್ಡಿಹೈಡ್ ಮಾಡಿ ಹೈಡ್ರಜೈಡ್ ಹಚ್ಚಿದ ಟಿಟಿ ಜೊತೆ ಕೂಡಸ್ತಾರ. ಆ ದಾರಿ ಅಮೆರಿಕದ ಎಫ್‌ಡಿಎ ಲ್ಯಾಬಿನಿಂದ ಬಂದದ್ದು. ಫಾಸ್ಫೊಡೈಎಸ್ಟರ್ ಸರಪಳಿ ನೀರಾಗ ತಾನ ಒಡಿತೈತಿ ಅಂತ ಲಸಿಕಿ ಪುಡಿ ರೂಪದಾಗ ಇಟ್ಟು, ಕೊಡೂ ಮುಂದ ಅಲ್ಯೂಮಿನಿಯಂ ಫಾಸ್ಫೇಟ್ ಇರೂ ದ್ರವ ಸೇರಸ್ತಾರ. ಪುಡಿ ಆಗಿದ್ದಕ್ಕ 40 ಡಿಗ್ರಿ ಬಿಸಲಾಗ ನಾಲ್ಕು ದಿನದ ತನಕ ಫ್ರಿಜ್ ಇಲ್ಲದ ಒಯ್ಯಾಕ 2012ರಾಗ ಅನುಮತಿ ಸಿಕ್ತು. ಸಕ್ಕರೆ ರಚನೆ ಕಾಗದದ ಮ್ಯಾಲೆ ಬಿಡಿಸಿ ನೋಡಿದ ಮ್ಯಾಲೇ ಕೆಮಿಸ್ಟ್ರಿ ಆರಿಸ್ಬೇಕು, ಪ್ರೊಟೊಕಾಲ್ ಎರವಲು ತಂದ್ರ ಆಗೂದಿಲ್ಲ.

ಮಾಂಡವಿ_ತೀರ, ಗೋವಾ

ಇಲಿಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಶೇ. 40 ಫ್ರೀ ಇಟ್ಟುಕೊಂಡು ಇಲಿಗೆ ಕೊಡಬೇಡಿ. ಫಲಿತಾಂಶ ಏನೇ ಬಂದರೂ ಅದರ ಅರ್ಥ ಹೇಳಲಾಗುವುದಿಲ್ಲ. ಫ್ರೀ ಸಕ್ಕರೆ ಅದೇ ಬಿ-ಕೋಶಗಳನ್ನು ಹಿಡಿಯುತ್ತದೆ, ಆದರೆ ಅದಕ್ಕೆ ಪ್ರೋಟೀನ್ ಇಲ್ಲದ್ದರಿಂದ ಟಿ-ಕೋಶದ ನೆರವು ಸಿಗುವುದಿಲ್ಲ. ಇದೇ ಕಾರಣಕ್ಕೆ ಬರೀ ಪಾಲಿಸ್ಯಾಕರೈಡ್ ಲಸಿಕೆ ಎರಡು ವರ್ಷದೊಳಗಿನ ಮಕ್ಕಳಿಗೆ ನಾಟುವುದಿಲ್ಲ, ನೆನಪನ್ನೂ ಬಿಡುವುದಿಲ್ಲ. ಪ್ರಾಣಿ ನೈತಿಕ ಸಮಿತಿಯ ಅನುಮತಿ ತೆಗೆದುಕೊಂಡು ಬಳಸುವ ಜೀವಗಳು ಅವು. ಬೇರ್ಪಡಿಸಿ, ಅಳೆದು, ಆಮೇಲೆ ಕೊಡಿ.

ಗುಂಪುಗಳು ನಾಲ್ಕು ಇರಲಿ: ಕಾಂಜುಗೇಟ್, ಜೋಡಿಸದೆ ಬೆರೆಸಿದ ಪಾಲಿಸ್ಯಾಕರೈಡ್ ಮತ್ತು ಟಿಟಿ, ಬರೀ ಪಾಲಿಸ್ಯಾಕರೈಡ್, ಬರೀ ಆಲಂ. ಎರಡನೇ ಗುಂಪನ್ನು ಬಿಡುವವರು ಬಹಳ. ಅದಿಲ್ಲದೆ ಗೊಂಡಿಯಿಂದ ಏನಾದರೂ ಆಯಿತೇ ಅನ್ನುವುದನ್ನು ತೋರಿಸಲು ಬರುವುದಿಲ್ಲ. ಡೋಸನ್ನು ಸಕ್ಕರೆಯ ಲೆಕ್ಕದಲ್ಲಿಡಿ, 1-2 ಮೈಕ್ರೊಗ್ರಾಂ. ಮಗುವಿಗೆ ಹಾಕುವ ನ್ಯುಮೊಸಿಲ್‌ನಲ್ಲೇ ಟೈಪ್ ಒಂದಕ್ಕೆ 2 ಮೈಕ್ರೊಗ್ರಾಂ ಇರುವುದು, 6ಬಿ ಮಾತ್ರ 4. ಇಲಿಗೆ 10 ಕೊಡುವುದರಲ್ಲಿ ಅರ್ಥವಿಲ್ಲ. ದಿನ 0, 14, 28ಕ್ಕೆ ಚರ್ಮದಡಿ ಕೊಟ್ಟು, 42ಕ್ಕೆ ರಕ್ತ ತೆಗೆಯಿರಿ.

ಚುಚ್ಚುವ ಮೊದಲು ಎಂಡೊಟಾಕ್ಸಿನ್ (ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾದ ಹೊರಪೊರೆಯ ವಿಷ) ನೋಡಿ. ನ್ಯುಮೊಕಾಕಸ್ ಗ್ರಾಂ ಪಾಸಿಟಿವ್, ಅದರಲ್ಲಿ ಎಂಡೊಟಾಕ್ಸಿನ್ ಇಲ್ಲ. ಬಂದರೆ ನೀರು, ಗಾಜು, ಬಫರ್, ಕಾಲಮ್‌ನಿಂದ ಬಂದದ್ದು. ಅದು ತಾನೇ ಅಡ್ಜುವೆಂಟ್ (ಪ್ರತಿಕ್ರಿಯೆ ಹೆಚ್ಚಿಸುವ ವಸ್ತು) ಆಗಿ ಕೆಲಸ ಮಾಡಿ ನಿಮ್ಮ ಸುಮಾರಾದ ಕಾಂಜುಗೇಟನ್ನೂ ಚೆನ್ನಾಗಿ ಕಾಣಿಸುತ್ತದೆ. ಆದರೆ ಎಂಡೊಟಾಕ್ಸಿನ್ ಹುಡುಕುವ ಎಲ್‌ಎಎಲ್ ಪರೀಕ್ಷೆಯ ಪಾಸಿಟಿವ್ ಕಂಡ ಕೂಡಲೇ ಬ್ಯಾಚ್ ಎಸೆಯಬೇಡಿ: ಸೆಲ್ಯುಲೋಸ್ ಮೆಂಬ್ರೇನ್, ಡಯಾಲಿಸಿಸ್ ಟ್ಯೂಬ್‌ಗಳಿಂದ ಬರುವ ಬೀಟಾ-ಗ್ಲೂಕನ್ ಕೂಡ ಅದೇ ಬಣ್ಣ ಕೊಡುತ್ತದೆ. ಬೀಟಾ-ಗ್ಲೂಕನ್ ತಡೆಯುವ ಬಫರ್ ಹಾಕಿ ಮತ್ತೊಮ್ಮೆ ಮಾಡಿ.

ಎಲೈಸಾದಲ್ಲಿ (ಪ್ರತಿಕಾಯ ಅಳೆಯುವ ಪ್ಲೇಟ್ ಪರೀಕ್ಷೆ) ಸೀರಂ ಹಾಕುವ ಮೊದಲು ಅದನ್ನು ನ್ಯುಮೊಕಾಕಸ್ ಕೋಶಭಿತ್ತಿಯ ಸಿ-ಪಾಲಿಸ್ಯಾಕರೈಡ್‌ನೊಂದಿಗೆ ಅರ್ಧ ಗಂಟೆ ಇಡಿ. ಕೊಂಡು ತಂದ ಕ್ಯಾಪ್ಸೂಲ್ ಪುಡಿಯಲ್ಲಿ ಅದು ಸ್ವಲ್ಪವಾದರೂ ಇದ್ದೇ ಇರುತ್ತದೆ, ಪ್ರತಿಕಾಯಗಳು ಅದಕ್ಕೂ ಹುಟ್ಟಿರುತ್ತವೆ, ಪ್ಲೇಟ್ ಮೇಲೂ ಅದೇ ಪುಡಿ ಕೂತಿರುತ್ತದೆ. ಈ ಹೆಜ್ಜೆ ಬಿಟ್ಟರೆ ಟೈಪ್ 14ಕ್ಕೆ ಅಂತ ಅಳೆದದ್ದರಲ್ಲಿ ಎಷ್ಟು ಟೈಪ್ 14ಕ್ಕೆ ಅನ್ನುವುದೇ ತಿಳಿಯದು. ಒಟ್ಟು ಐಜಿಜಿ ಜೊತೆ ಐಜಿಎಂ, ಐಜಿಜಿ1, ಐಜಿಜಿ3 ಬೇರೆ ಬೇರೆ ಓದಿ. ಬರೀ ಸಕ್ಕರೆ ಕೊಟ್ಟ ಇಲಿ ಐಜಿಎಂ ಮತ್ತು ಐಜಿಜಿ3ರಲ್ಲೇ ನಿಲ್ಲುತ್ತದೆ, ಎರಡನೇ ಚುಚ್ಚುಮದ್ದಿಗೆ ಏರುವುದಿಲ್ಲ. ಕಾಂಜುಗೇಟ್ ನಿಜಕ್ಕೂ ಕೂಡಿದ್ದರೆ ಐಜಿಜಿ1 ಎರಡನೇ ಡೋಸಿನ ನಂತರ ಜಿಗಿಯುತ್ತದೆ. ಆ ಜಿಗಿತವೇ ನೀವು ಹುಡುಕಬೇಕಾದದ್ದು.

ಅಂಟಿಕೊಳ್ಳುವ ಪ್ರತಿಕಾಯ ಇದ್ದ ಮಾತ್ರಕ್ಕೆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಪ್ರತಿಕಾಯದ ನೆರವಿನಿಂದ ಬ್ಯಾಕ್ಟೀರಿಯಾ ನುಂಗಿ ಕೊಲ್ಲುವುದನ್ನು ಅಳೆಯುವ ಒಪ್ಸೊನೊಫ್ಯಾಗೊಸೈಟಿಕ್ ಪರೀಕ್ಷೆಗೆ ಎಚ್‌ಎಲ್-60 ಅನ್ನುವ ಮಾನವ ಕೋಶಗಳನ್ನು ಡಿಎಂಎಫ್‌ನಲ್ಲಿ ಐದಾರು ದಿನ ಇಟ್ಟು ನ್ಯೂಟ್ರೊಫಿಲ್ ಥರ ಮಾಡಿಕೊಂಡು, ಮರಿ ಮೊಲದ ಕಾಂಪ್ಲಿಮೆಂಟ್ ಸೇರಿಸಿ, ಅರ್ಧದಷ್ಟು ಬ್ಯಾಕ್ಟೀರಿಯಾ ಸಾಯುವ ಸೀರಂ ಪ್ರಮಾಣ ಕಂಡುಹಿಡಿಯುವುದು. ಅದಕ್ಕೆ ಜೀವಂತ ನ್ಯುಮೊಕಾಕಸ್ ಬೇಕು, ಬಯೊಸೇಫ್ಟಿ ಎರಡನೇ ಹಂತದ ಕೋಣೆ ಬೇಕು. ನಿಮ್ಮಲ್ಲಿ ಇಲ್ಲದಿದ್ದರೆ ಸೀರಂ ಮೈನಸ್ 80ರಲ್ಲಿಟ್ಟು, ಸೌಲಭ್ಯ ಇರುವವರ ಜೊತೆ ಮೊದಲೇ ಮಾತಾಡಿಕೊಳ್ಳಿ.

ಮುಳಾಮುಠಾ, ಪುಣೆ

ಎಲ್ಲರಿಗೂ ತುಂಬಾ ಧನ್ಯವಾದ. ಇಲಿಯ ಕೆಲಸ ಸದ್ಯಕ್ಕೆ ಬದಿಗಿಟ್ಟೆವು. ಟಿಟಿ ಬಂದ ಬಫರ್‌ನ ಪತ್ರ ತೆಗೆದು ನೋಡಿದೆ, ಗ್ಲೈಸಿನ್ ಇದೆ. ಅದನ್ನು ತೊಳೆದು, ಸೋನಿಕೇಟ್ ಮಾಡಿದ ಸಕ್ಕರೆಯ ಮೇಲೆ ಮೊದಲು ಹೈಡ್ರಜೈಡ್ ಪರೀಕ್ಷೆ ಮಾಡುತ್ತೇವೆ. ಸ್ಟ್ಯಾಂಡರ್ಡ್ ಗ್ಲೂಕೋಸೇ ಇತ್ತು, ಅದೂ ಬದಲಾಗುತ್ತದೆ.

ಸಿಡಿಎಪಿ ಬಗ್ಗೆ ಕೊನೆಯದಾಗಿ ಒಂದು ಪ್ರಶ್ನೆ, ಗೋಕಾಕ್ ಸರ್. ಡಬ್ಬಿ ಮೈನಸ್ 20ರಲ್ಲಿದೆ, ಪುಡಿ ಬಿಳಿಯೇ ಇದೆ, ಆದರೆ ಮಳೆಗಾಲದಲ್ಲಿ ಹಲವು ಸಲ ತೆರೆದದ್ದು. ಕಣ್ಣಿಗೆ ಚೆನ್ನಾಗಿ ಕಂಡರೆ ಬಳಸಬಹುದೇ?

ಗೋಕಾಕ್_ಕರದಂಟು, ಹಡಪಸರ

ಬಣ್ಣ ನೋಡಿ ನಂಬಬ್ಯಾಡ್ರಿ. ಹೈಡ್ರಜೈಡ್ ಪರೀಕ್ಷೆ ಹೊಸಾ ಡಬ್ಬಿ, ಹಳೇ ಡಬ್ಬಿ ಎರಡಕ್ಕೂ ಒಂದ ದಿನ ಮಾಡ್ರಿ, ಸಂಖ್ಯೆ ಹೇಳ್ತೈತಿ. ಹೊಸಾದು ಬಂದ ಮ್ಯಾಲೆ ಡಬ್ಬಿನ್ನ ಫ್ರೀಜರಿನಿಂದ ತಗದು ಡೆಸಿಕೇಟರ್‌ದಾಗ ಇಟ್ಟು ಹೊರಗಿನ ಬಿಸಿಗೆ ಪೂರಾ ಬಂದ ಮ್ಯಾಲೇ ಮುಚ್ಚಳ ತಗೀರಿ. ತಣ್ಣನ ಡಬ್ಬಿ ತಗದ್ರ ಒಳಗ ನೀರ ಹನಿ ಕೂಡ್ತಾವು. ಒಮ್ಮೆಗ ಎಲ್ಲಾ ಪುಡಿನ್ನ 50 ಮಿ.ಗ್ರಾಂ ಲೆಕ್ಕದಾಗ ಸಣ್ಣ ಬಾಟ್ಲಿಗೆ ಹಂಚಿ, ನೈಟ್ರೋಜನ್ ಹಾಯಿಸಿ, ಪ್ಯಾರಾಫಿಲ್ಮ್ ಸುತ್ತಿ, ಸಿಲಿಕಾ ಜೆಲ್ ಇರೂ ಡಬ್ಬಿದಾಗ ಮೈನಸ್ 20ಕ್ಕ ಇಡ್ರಿ. ಅಸಿಟೊನೈಟ್ರೈಲ್ ಒಣಗಿಸಿದ ದರ್ಜೆದ್ದ ಇರಲಿ, ದ್ರಾವಣ ಆ ದಿನದ್ದು ಆ ದಿನಕ್ಕ. ಮಿಕ್ಕಿದ್ದನ್ನ ಚೆಲ್ಲಬೇಕಂದ್ರ ಸಿಂಕಿಗೆ ಹಾಕಬ್ಯಾಡ್ರಿ, ಬೇಸ್ ಹಾಕಿ ರಾತ್ರಿಪೂರ್ತಿ ಫ್ಯೂಮ್ ಹುಡ್‌ದಾಗ ಬಿಟ್ಟು ಸಾಲ್ವೆಂಟ್ ವೇಸ್ಟ್ ಕ್ಯಾನಿಗೆ ಹಾಕ್ರಿ.